ಎತ್ತಿಗೆ ಜ್ವರ, ರಿಲೇಗೆ ಬರೆ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಅಮ್ಮನ ಕಣ್ಣು ತೋರಿಸಲು ಶಿವಮೊಗ್ಗಕ್ಕೆ ಹೋಗಿ ವಾಪಸು ಬರುತ್ತಿದ್ದೆವು. ಊರು ಇನ್ನೇನು ಆರೇಳು ಕಿಲೋಮೀಟರ್ ಇದೆ ಅನ್ನುವಾಗ ರೈಲ್ವೆ ಗೇಟು ಬಿದ್ದಿತ್ತು. ನಮ್ಮ ಮುಂದೆ ಒಂದು ಬಸ್ಸು, ಅಡಿಕೆ ಮೂಟೆಯ ಲಾರಿ, ನಾಲ್ಕೈದು ಕಾರು. ಎಂಜಿನ್ ನಿಲ್ಲಿಸಿದರೆ ಎ.ಸಿ. ನಿಲ್ಲುತ್ತದೆ, ಎ.ಸಿ. ನಿಂತರೆ ಅಮ್ಮನಿಗೆ ಸೆಕೆ ಎಂದು ಗಾಡಿಯನ್ನು ಹಾಗೆಯೇ ಚಾಲೂ ಇಟ್ಟಿದ್ದೆ. ಹತ್ತು ನಿಮಿಷವಾಗಿರಬಹುದು, ಎ.ಸಿ.ಯ ಗಾಳಿ ಬೆಚ್ಚಗಾಯಿತು. ಹದಿನಾಲ್ಕು ವರ್ಷಗಳಿಂದ ನಡುಮಧ್ಯದಲ್ಲೇ ನಿಂತಿದ್ದ, ಇದೆ ಎನ್ನುವುದನ್ನೇ ನಾನು ಮರೆತಿದ್ದ ಟೆಂಪರೇಚರ್ ಮುಳ್ಳು ಮೆಲ್ಲಗೆ ಕೆಂಪು ಗೆರೆಯ ಕಡೆ ಏರುತ್ತಿತ್ತು.

ಎಂಜಿನ್ ನಿಲ್ಲಿಸಿ, ಬಾನೆಟ್ ಎತ್ತಿ ನಿಂತೆ. ಬಿಸಿ ಇರುವಾಗ ರೇಡಿಯೇಟರಿನ ಮುಚ್ಚಳ ಮುಟ್ಟಬಾರದು ಎನ್ನುವಷ್ಟು ಮಾತ್ರ ನನಗೆ ಗೊತ್ತಿತ್ತು. ಒಳಗಿನ ನೀರು ಒತ್ತಡದಲ್ಲಿರುತ್ತದೆ, ಹಾಗಾಗಿ ನೂರು ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ತೆಗೆದ ಕ್ಷಣ ಒತ್ತಡ ಇಳಿದು ಒಮ್ಮೆಲೇ ಕುದಿದು ಮುಖಕ್ಕೆ ಎರಚುತ್ತದೆ. ಬಸ್ಸಿನ ಕಂಡಕ್ಟರ್ ಇಳಿದು ಬಂದು ನೋಡಿ, "ಫ್ಯಾನ್ ತಿರುಗ್ತಿಲ್ಲ ಸಾರ್" ಅಂದ. ಅಮ್ಮ ಒಳಗಿನಿಂದಲೇ, "ಸಂಕ್ರಾಂತಿಯಿಂದ್ಲೂ ಮುಂದುಗಡೆ ಏನೋ ಗರ್ ಗರ್ ಅಂತಿತ್ತಲ್ಲೋ" ಅಂದಳು. "ಹಳೇ ಗಾಡಿ ಅಮ್ಮ, ಸದ್ದು ಇದ್ದದ್ದೇ" ಅಂದೆ. ಆ ಮಾತನ್ನು ಮುಂದೆ ನಾನು ನೆನಪಿಸಿಕೊಳ್ಳಬೇಕಾಗುತ್ತದೆ ಎಂದು ಆಗ ಗೊತ್ತಿರಲಿಲ್ಲ.

ರೈಲು ಹೋಯಿತು. ಎ.ಸಿ. ಹಾಕದೆ ಗಾಡಿ ಓಡಿಸಿದೆ. ಮುಳ್ಳು ತಾನಾಗಿಯೇ ಇಳಿಯಿತು. ಕಾರು ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ, ಫ್ಯಾನಿನ ಅಗತ್ಯ ಅಷ್ಟಾಗಿ ಇರುವುದಿಲ್ಲ. ನಿಂತಾಗ ಮಾತ್ರ ಅದು ಬೇಕು. ಹಾಗಾಗಿ ಫ್ಯಾನ್ ಕೆಟ್ಟಿರುವ ಕಾರು ಹೆದ್ದಾರಿಯಲ್ಲಿ ನೂರು ಕಿಲೋಮೀಟರ್ ಆರೋಗ್ಯವಾಗಿ ಓಡಿ, ಊರ ಬಾಗಿಲಿನ ಗೇಟಿನಲ್ಲಿ ಬಂದು ಕಾಯಿಲೆ ಬೀಳುತ್ತದೆ.

ಮರುದಿನ ಭಾನುವಾರ. ನಾನು ಸಾಹಿತ್ಯ ಪಾಠ ಮಾಡಿ ನಿವೃತ್ತನಾದವನು, ಯಂತ್ರಗಳ ಜೊತೆ ನನ್ನ ಸಂಬಂಧ ಅಷ್ಟಕ್ಕಷ್ಟೆ. ಆದರೂ ಅಕ್ಕನ ಮಗ ಬಿಟ್ಟುಹೋಗಿದ್ದ ಮಲ್ಟಿಮೀಟರ್ ಮನೆಯಲ್ಲಿತ್ತು, ಕೈಯಲ್ಲಿ ಸಮಯವೂ ಇತ್ತು. ಬ್ಯಾಟರಿಯ ಪಕ್ಕದ ಫ್ಯೂಸ್ ಪೆಟ್ಟಿಗೆಯ ಮುಚ್ಚಳ ತೆಗೆದೆ. ಮುಚ್ಚಳದ ಒಳಮೈಯಲ್ಲಿ ಯಾವ ಫ್ಯೂಸು ಯಾವುದಕ್ಕೆ, ಯಾವ ರಿಲೇ ಯಾವುದಕ್ಕೆ ಎಂಬ ನಕ್ಷೆ ಇರುತ್ತದೆ. ಫ್ಯಾನಿನ ಫ್ಯೂಸು ಮೂವತ್ತು ಆಂಪಿಯರಿನದು, ಅದು ಸರಿಯಾಗಿಯೇ ಇತ್ತು. ಅದರ ಪಕ್ಕದಲ್ಲಿ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಕಪ್ಪು ಡಬ್ಬಿ, ಅದೇ ರಿಲೇ.

ಹೆಂಡತಿಗೆ ಒಳಗೆ ಕೂತು ಎ.ಸಿ. ಹಾಕಲು ಹೇಳಿ ರಿಲೇ ಮೇಲೆ ಬೆರಳಿಟ್ಟೆ. ಒಳಗೆ 'ಟಿಕ್' ಎಂದಿತು. ಫ್ಯಾನ್ ಮಾತ್ರ ಅಲ್ಲಾಡಲಿಲ್ಲ. ಹಾರನ್ನಿನ ರಿಲೇಯೂ ಅದೇ ನಮೂನೆಯದು, ಅದೇ ನಂಬರಿನದು ಎಂದು ನೋಡಿಕೊಂಡು ಅದನ್ನು ಕಿತ್ತು ಫ್ಯಾನಿನ ಜಾಗಕ್ಕೆ ಹಾಕಿದೆ. ಟಿಕ್ ಎಂದಿತು, ಫ್ಯಾನ್ ಭರ್ರನೆ ತಿರುಗಿತು. ಕಳ್ಳ ಸಿಕ್ಕಿದ!

ಕಿತ್ತ ರಿಲೇಯನ್ನು ತಿರುಗಿಸಿ ನೋಡಿದರೆ ಒಂದು ಕಾಲಿನ ಸುತ್ತ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿತ್ತು. ಚಾಕುವಿನ ಮೊನೆಯಿಂದ ಹೊರಚಿಪ್ಪು ಬಿಡಿಸಿದೆ. ಒಳಗೆ ತಾಮ್ರದ ತಂತಿ ಸುತ್ತಿದ ಒಂದು ಸುರುಳಿ, ಅದರ ಮೇಲೆ ಸಣ್ಣ ತಗಡಿನ ತೋಳು, ತೋಳಿನ ತುದಿಯಲ್ಲಿ ಸಾಸಿವೆಯಷ್ಟು ದೊಡ್ಡ ಲೋಹದ ಚುಕ್ಕೆ, ಅದರ ಕೆಳಗೆ ಇನ್ನೊಂದು ಚುಕ್ಕೆ. ಸುರುಳಿಗೆ ಕರೆಂಟು ಬಂದಾಗ ಅದು ಆಯಸ್ಕಾಂತವಾಗಿ ತೋಳನ್ನು ಎಳೆಯುತ್ತದೆ, ಎರಡು ಚುಕ್ಕೆಗಳು ಕೂಡುತ್ತವೆ. ಫ್ಯಾನಿನ ಕರೆಂಟೆಲ್ಲ ಹರಿಯುವುದು ಆ ಎರಡು ಚುಕ್ಕೆಗಳ ನಡುವೆ. ನನ್ನ ರಿಲೇಯಲ್ಲಿ ಅವು ಸುಟ್ಟು ಕರಿಕಾಗಿ ಗುಳಿಬಿದ್ದಿದ್ದವು. ತೋಳು ಬಂದು ಕೂಡುತ್ತಿತ್ತು, 'ಟಿಕ್' ಎನ್ನುತ್ತಿತ್ತು, ಆದರೆ ಏನೂ ದಾಟುತ್ತಿರಲಿಲ್ಲ.

ಬಿ.ಎಚ್. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ಅದೇ ನಂಬರಿನ ಹೊಸ ರಿಲೇಗೆ ನೂರ ಎಂಬತ್ತು ರೂಪಾಯಿ. ಬ್ಯಾಟರಿಯ ಮೈನಸ್ ಕಡೆಯ ವೈರ್ ಬಿಚ್ಚಿ, ರಿಲೇ ಒತ್ತಿ ಕೂರಿಸಿ, ವೈರ್ ಮತ್ತೆ ಬಿಗಿದೆ. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ. ಮುಂದಿನ ಒಂದು ವಾರ ಮನೆಗೆ ಬಂದವರೆಲ್ಲರಿಗೂ ಈ ಕಥೆ ಹೇಳಿದೆ. ತನ್ನ ಕೈಯಾರೆ ಒಂದನ್ನು ಸರಿಮಾಡಿದವನ ಸುಖ ನನಗೆ ಹೊಸದು. ಅದಕ್ಕಿಂತ ದೊಡ್ಡ ಸುಖ ಎಂದರೆ, ತಪ್ಪು ಎಲ್ಲಿದೆ ಎಂದು ನಾನೇ ಕಂಡುಹಿಡಿದೆ ಎನ್ನುವುದು.

ಆಗಸ್ಟ್‌ನಲ್ಲಿ ಮತ್ತೆ ಮುಳ್ಳು ಏರಿತು. ಸಂತೆಯ ದಿನ, ಬಸ್‌ಸ್ಟ್ಯಾಂಡಿನ ಎದುರು. ರಿಲೇ ಕಿತ್ತು ನೋಡಿದೆ. ಅದೇ ಕಾಲು, ಅದೇ ಕಂದು ಬಣ್ಣ. ಅಂಗಡಿಯವನು ಕಳಪೆ ಮಾಲು ಕೊಟ್ಟಿದ್ದಾನೆ ಎಂದು ಮೊದಲು ಅನ್ನಿಸಿತು. ಇನ್ನೊಂದು ತಂದು ಹಾಕಬಹುದಿತ್ತು. ಆದರೆ ನಾಲ್ಕು ತಿಂಗಳಲ್ಲಿ ಎರಡು ರಿಲೇ ಎಂದರೆ ಏನೋ ಸರಿಯಿಲ್ಲ ಅನ್ನಿಸಿ, ನಮ್ಮೂರ ಆಟೋ ಎಲೆಕ್ಟ್ರಿಷಿಯನ್ ಬಳಿ ಹೋದೆ. ಅವರ ಶೆಡ್ಡಿನಲ್ಲಿ ಕೆಲಸಕ್ಕಿದ್ದ ಹುಡುಗ, "ರಿಲೇ ಗಿಲೇ ಏನೂ ಬೇಡ ಸಾರ್, ಡೈರೆಕ್ಟ್ ಕೊಟ್ಬಿಡ್ತೀನಿ. ಕೀ ಆನ್ ಮಾಡಿದ್ರೆ ಫ್ಯಾನ್ ಓಡ್ತಾನೇ ಇರುತ್ತೆ" ಅಂದ. ಯಜಮಾನರು ಅವನನ್ನು ಗದರಿದರು. "ಹಂಗೆ ಮಾಡಿ ವೈರಿಂಗ್ ಸುಟ್ಟುಕೊಂಡೋರು ಎಷ್ಟು ಜನ ಬಂದಿಲ್ಲ ಇಲ್ಲಿಗೆ?" ಆಮೇಲೆ ನನ್ನ ಕಡೆ ತಿರುಗಿ, "ಮೇಷ್ಟ್ರೇ, ಫ್ಯಾನನ್ನ ಕೈಯಲ್ಲಿ ತಿರುಗಿಸಿ ನೋಡಿದ್ರಾ?" ಎಂದು ಕೇಳಿದರು.

ನೋಡಿರಲಿಲ್ಲ. ಫ್ಯಾನ್ ತಿರುಗುತ್ತಿತ್ತಲ್ಲ, ಅದನ್ನು ಯಾಕೆ ನೋಡಬೇಕು? ಅವರು ಬ್ಯಾಟರಿ ವೈರ್ ಬಿಚ್ಚಿ ರೆಕ್ಕೆಯನ್ನು ಬೆರಳಲ್ಲಿ ತಳ್ಳಿದರು. ಹಗುರಾಗಿ ಸುತ್ತಬೇಕಾದದ್ದು ಅರ್ಧ ಸುತ್ತಿಗೇ ಉಜ್ಜಿಕೊಂಡು ನಿಂತಿತು. ವೈರ್ ಮತ್ತೆ ಕೊಟ್ಟು, ಫ್ಯಾನ್ ಓಡಿಸಿ, ವೈರಿನ ಸುತ್ತ ಕ್ಲ್ಯಾಂಪ್ ಮೀಟರ್ ಹಿಡಿದರು. ಇಪ್ಪತ್ತೆರಡು ಆಂಪಿಯರ್. "ಈ ಗಾಡಿಯ ಫ್ಯಾನ್ ಹತ್ತೋ ಹನ್ನೊಂದೋ ಎಳೀಬೇಕು. ಮೋಟರಿನ ಬುಷ್ ಸವೆದಿದೆ. ತಿರುಗೋಕೆ ಕಷ್ಟ ಪಡ್ತಿದೆ, ಕಷ್ಟ ಪಟ್ಟಷ್ಟೂ ಜಾಸ್ತಿ ಎಳೀತಿದೆ. ಎಳೆದದ್ದೆಲ್ಲ ರಿಲೇ ಮೇಲೆ ಹೋಗ್ತಿದೆ. ನೀವು ಎಷ್ಟು ರಿಲೇ ಹಾಕಿದ್ರೂ ಸುಡುತ್ತೆ."

"ಇಪ್ಪತ್ತೆರಡು ಎಳೆದರೆ ಫ್ಯೂಸ್ ಹೋಗಬೇಕಲ್ಲ?" ಎಂದು ಕೇಳಿದೆ.

"ಫ್ಯೂಸು ಮೂವತ್ತರದು. ಮೂವತ್ತು ದಾಟೋವರೆಗೆ ಅದರ ಪ್ರಕಾರ ಎಲ್ಲಾ ಸರಿಯಾಗೇ ಇದೆ."

ಮನೆಗೆ ಬಂದು ಲೆಕ್ಕ ಹಾಕಿ ನೋಡಿದೆ. ಪಿ.ಯು.ಸಿ.ಯಲ್ಲಿ ಕಲಿತ ಭೌತಶಾಸ್ತ್ರ ಅಷ್ಟಿಷ್ಟು ನೆನಪಿತ್ತು. ವಾಹಕದಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ಅನುಗುಣವಾಗಿರುತ್ತದೆ, ಅಂದರೆ ಕರೆಂಟು ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಆ ಎರಡು ಚುಕ್ಕೆಗಳ ನಡುವೆ ಒಂದು ಓಮಿನ ಇಪ್ಪತ್ತನೆಯ ಒಂದು ಭಾಗ ತಡೆ ಇದೆ ಎಂದಿಟ್ಟುಕೊಳ್ಳಿ. ಹತ್ತು ಆಂಪಿಯರಿಗೆ ಅಲ್ಲಿ ಐದು ವ್ಯಾಟ್ ಶಾಖ ಹುಟ್ಟುತ್ತದೆ. ಇಪ್ಪತ್ತು ಆಂಪಿಯರಿಗೆ ಇಪ್ಪತ್ತು ವ್ಯಾಟ್, ಹೆಚ್ಚುಕಡಿಮೆ ರೇಡಿಯೋ ರಿಪೇರಿಯವರು ಬೆಸುಗೆ ಹಾಕುವ ಸಣ್ಣ ಐರನ್ನಿನ ಶಾಖ. ಅದು ಹುಟ್ಟುವುದು ಸಾಸಿವೆಕಾಳಿನಷ್ಟು ಜಾಗದಲ್ಲಿ. ಸುಟ್ಟಷ್ಟೂ ತಡೆ ಹೆಚ್ಚುತ್ತದೆ, ತಡೆ ಹೆಚ್ಚಿದಷ್ಟೂ ಸುಡುತ್ತದೆ. ಇಷ್ಟೆಲ್ಲ ನಡೆಯುವಾಗಲೂ ಫ್ಯೂಸಿನ ದೃಷ್ಟಿಯಲ್ಲಿ ಯಾವ ನಿಯಮವೂ ಮುರಿದಿಲ್ಲ. ರಿಲೇಯ ಬೆನ್ನ ಮೇಲೂ ಮೂವತ್ತು ಆಂಪಿಯರ್ ಎಂದೇ ಅಚ್ಚಾಗಿದೆ. ಕಾಗದದ ಮೇಲೆ ಎಲ್ಲರೂ ತಮ್ಮ ಮಿತಿಯೊಳಗೇ ಇದ್ದಾರೆ. ಸುಟ್ಟದ್ದು ಮಾತ್ರ ನಿಜ.

ಆ ರಾತ್ರಿ ನನಗೆ ನೆನಪಾದದ್ದು ಕಾರಿನ ವಿಷಯವಲ್ಲ.

ಏಳು ವರ್ಷಗಳ ಹಿಂದಿನ ಮಾತು. ಆಗಿನ್ನೂ ಸೇವೆಯಲ್ಲಿದ್ದೆ. ನಮ್ಮ ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ಹೊರಗುತ್ತಿಗೆಯ ಮೇಲೆ ಒಬ್ಬ ಹುಡುಗನಿದ್ದ, ಕಂಪ್ಯೂಟರಿನಲ್ಲಿ ಅಂಕ ತುಂಬುವ ಕೆಲಸ. ಒಂದು ಸೆಮಿಸ್ಟರಿನಲ್ಲಿ ಒಂದು ವಿಭಾಗದ ಆಂತರಿಕ ಅಂಕಗಳು ಇನ್ನೊಂದು ವಿಭಾಗದವರ ಹೆಸರಿಗೆ ಹೋಗಿಬಿಟ್ಟವು. ಕೆಲವು ಮಕ್ಕಳು ನಪಾಸಾದರು. ಅವರಲ್ಲಿ ಒಬ್ಬಳಿಗೆ ಸಿಕ್ಕಿದ್ದ ಕೆಲಸ ಫಲಿತಾಂಶದ ಕಾರಣದಿಂದ ತಪ್ಪಿಹೋಯಿತು. ವಿದ್ಯಾರ್ಥಿಗಳು ಗೇಟಿನ ಮುಂದೆ ಕೂತರು. ಮೂವರ ವಿಚಾರಣಾ ಸಮಿತಿ ರಚನೆಯಾಯಿತು. ಅದರಲ್ಲಿ ನಾನೂ ಒಬ್ಬ, ವರದಿ ಬರೆದವನೂ ನಾನೇ, ಭಾಷೆ ಚೆನ್ನಾಗಿದೆ ಎಂಬ ಕಾರಣಕ್ಕೆ.

ತಪ್ಪು ಎಲ್ಲಿ ಆಯಿತು ಎಂದು ಕಂಡುಹಿಡಿಯುವುದು ಕಷ್ಟವೇ ಇರಲಿಲ್ಲ. ಇಂಥ ದಿನ, ಇಂಥ ಹೊತ್ತಿಗೆ, ಇಂಥ ಲಾಗಿನ್‌ನಿಂದ ಅಂಕ ತುಂಬಲಾಗಿದೆ ಎಂದು ಕಂಪ್ಯೂಟರೇ ಹೇಳಿತು. ಹುಡುಗನೂ ಒಪ್ಪಿಕೊಂಡ. 'ಸದರಿಯವರ ಕರ್ತವ್ಯಲೋಪದಿಂದ' ಎಂದು ನಾನು ಬರೆದೆ. ಮೂವರೂ ಸಹಿ ಮಾಡಿದೆವು. ತಿಂಗಳ ಕೊನೆಗೆ ಅವನನ್ನು ತೆಗೆದರು, ಬೇರೆಯವನು ಬಂದ. ಎರಡು ವರ್ಷದ ನಂತರ ಅವನ ಕೈಯಲ್ಲೂ ಅದೇ ಬಗೆಯ ತಪ್ಪಾಯಿತು. ಅಷ್ಟು ಹೊತ್ತಿಗೆ ನಾನು ಬೇರೆ ಊರಿಗೆ ವರ್ಗವಾಗಿದ್ದೆ. ಸುದ್ದಿ ಕೇಳಿ, "ಈ ಹೊರಗುತ್ತಿಗೆಯವರೇ ಹೀಗೆ" ಎಂದು ಯಾರಿಗೋ ಹೇಳಿದ ನೆನಪು.

ನಾನು ಬರೆಯದೆ ಬಿಟ್ಟದ್ದು ಇಷ್ಟು. ಆ ವಿಭಾಗದಲ್ಲಿ ಮೂರು ಗುಮಾಸ್ತರ ಹುದ್ದೆಗಳಿದ್ದು ಎರಡು ಖಾಲಿ ಇದ್ದವು. ಇದ್ದೊಬ್ಬರು ಚುನಾವಣಾ ಕೆಲಸಕ್ಕೆ ಹೋಗಿದ್ದರು. ನಾವು ಅಧ್ಯಾಪಕರು ಅಂಕಪಟ್ಟಿಗಳನ್ನು ಕೊನೆಯ ದಿನದವರೆಗೂ ಕೊಟ್ಟಿರಲಿಲ್ಲ. ಕೊಟ್ಟವರು ಕೈಬರಹದಲ್ಲಿ, ವಿಭಾಗದ ಹೆಸರು ಹಾಕದೆ ಕೊಟ್ಟಿದ್ದರು. ಆ ಹುಡುಗ ಎರಡು ರಾತ್ರಿ ಕಾಲೇಜಿನಲ್ಲೇ ಕೂತು ತುಂಬಿದ್ದ. ಸಹಾಯಕ್ಕೆ ಇನ್ನೊಬ್ಬರನ್ನು ಕೊಡಿ ಎಂದು ಅವನು ಬರೆದ ಎರಡು ಅರ್ಜಿಗಳು ಕಡತದಲ್ಲಿದ್ದವು. ಅವನ್ನು ನಾನು ಓದಿದ್ದೆ. 'ಪ್ರಸ್ತುತ ವಿಷಯಕ್ಕೆ ಸಂಬಂಧಿಸಿದ್ದಲ್ಲ' ಎಂದು ಪಕ್ಕಕ್ಕಿಟ್ಟಿದ್ದೆ. ಯಾಕೆಂದರೆ ಹುದ್ದೆ ಖಾಲಿ ಇರುವುದು ನಿಯಮದ ಉಲ್ಲಂಘನೆಯಲ್ಲ, ಚುನಾವಣಾ ಕೆಲಸಕ್ಕೆ ಕಳಿಸುವುದು ಉಲ್ಲಂಘನೆಯಲ್ಲ, ಕೊನೆಯ ದಿನ ಅಂಕಪಟ್ಟಿ ಕೊಡುವುದೂ ಉಲ್ಲಂಘನೆಯಲ್ಲ. ಎಲ್ಲವೂ ಮೂವತ್ತು ಆಂಪಿಯರಿನ ಒಳಗೇ ಇತ್ತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ ಎಂಬ ಗಾದೆಯನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ. ಆ ಗಾದೆಯಲ್ಲಿ ಬರೆ ಎಳೆಯುವವನು ಮೂರ್ಖ ಎಂದೇ ನಾವು ನಗುತ್ತೇವೆ. ಆದರೆ ಅವನ ಕಷ್ಟವೂ ಈಗ ನನಗೆ ಅರ್ಥವಾಗುತ್ತದೆ. ಎತ್ತಿನ ಜ್ವರ ಎಲ್ಲಿಂದ ಬಂತು ಎಂದು ತಿಳಿಯಲು ದಿನಗಟ್ಟಲೆ ಬೇಕು. ಎಮ್ಮೆ ಕೈಗೆ ಸಿಗುವ ಹಾಗೆ ಪಕ್ಕದಲ್ಲೇ ಕಟ್ಟಿದೆ. ಕಾದ ಕಬ್ಬಿಣ ಕೈಯಲ್ಲಿದೆ, ಊರವರು ಸುತ್ತ ನಿಂತಿದ್ದಾರೆ.

ಕಾರಣ ಎಂದರೇನು ಎಂಬುದನ್ನು ನಮ್ಮ ನ್ಯಾಯದರ್ಶನದವರು ತುಂಬ ಎಚ್ಚರದಿಂದ ಬಿಡಿಸಿದ್ದಾರೆ. ಅವರ ನೆಚ್ಚಿನ ಉದಾಹರಣೆ ಮಡಕೆ. ಮಣ್ಣು ಒಂದು ಬಗೆಯ ಕಾರಣ, ಕುಂಬಾರ ಮತ್ತು ಅವನ ದಂಡ ಇನ್ನೊಂದು ಬಗೆಯ ಕಾರಣ. ಹಾಗಾದರೆ ಮಣ್ಣು ಹೊತ್ತು ತಂದ ಕತ್ತೆ? ಅದು ಮಡಕೆಗೆ ಮುಂಚೆ ಅಲ್ಲಿತ್ತು ನಿಜ, ಆದರೆ ಕಾರಣವಲ್ಲ ಎನ್ನುತ್ತಾರೆ ಅವರು. ಅಂಥದ್ದನ್ನು 'ಅನ್ಯಥಾಸಿದ್ಧ' ಎಂದು ಕರೆದು ಕಾರಣಗಳ ಪಟ್ಟಿಯಿಂದ ಹೊರಗಿಡುತ್ತಾರೆ. ಮಣ್ಣನ್ನು ಕತ್ತೆಯೇ ತರಬೇಕೆಂದಿಲ್ಲ, ಎತ್ತಿನ ಗಾಡಿಯಲ್ಲೂ ತರಬಹುದಿತ್ತು. ನಮ್ಮ ವಿಚಾರಣೆಗಳಲ್ಲಿ ಇದು ತಲೆಕೆಳಗಾಗಿದೆ. ಮಡಕೆ ಚೆನ್ನಾಗಿ ಬಂದರೆ ಹೆಸರು ಕುಂಬಾರನದು, ಕತ್ತೆಯ ಮಾತೇ ಇಲ್ಲ. ಮಡಕೆ ಸೋರಿದರೆ ಮೊದಲು ಕರೆಸಿ ನಿಲ್ಲಿಸುವುದು ಕತ್ತೆಯನ್ನು.

ರಿಲೇ ಎನ್ನುವ ಪದದ ಮೂಲದಲ್ಲೂ ಪ್ರಾಣಿಗಳೇ ಇವೆ. ದೂರದ ದಾರಿಯಲ್ಲಿ ದಣಿದ ಕುದುರೆಗಳನ್ನು ಬಿಚ್ಚಿ ಕಟ್ಟಲೆಂದು ಅಲ್ಲಲ್ಲಿ ಸಿದ್ಧವಾಗಿ ಇಡುತ್ತಿದ್ದ ಹೊಸ ಕುದುರೆಗಳಿಗೆ ಆ ಹೆಸರಿತ್ತು. ಮುಂದೆ ತಂತಿ ಸಂದೇಶದ ಕಾಲ ಬಂತು. 1830ರ ದಶಕದಲ್ಲಿ ಅಮೆರಿಕದ ಜೋಸೆಫ್ ಹೆನ್ರಿ ಮೊದಲಾದವರು, ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆಳುವ ಬಗೆ ಕಂಡುಕೊಂಡರು. ಉದ್ದದ ತಂತಿಯಲ್ಲಿ ದಣಿದು ಬಂದ ಸಂಕೇತವನ್ನು ಹೊಸ ಬ್ಯಾಟರಿಯ ಬಲದಿಂದ ಮುಂದಕ್ಕೆ ಕಳಿಸುವ ಉಪಕರಣಕ್ಕೆ ಕುದುರೆಗಳ ಹೆಸರೇ ಸರಿಹೊಂದಿತು. ನಮ್ಮಲ್ಲೂ ಇಂಥ ವ್ಯವಸ್ಥೆ ಇತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಅಂದರೆ 17ನೆಯ ಶತಮಾನದ ಕೊನೆಯ ಭಾಗದಲ್ಲಿ ಶುರುವಾದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಗುವವರೆಗೂ ನಡೆಯಿತು. ಓಲೆಯ ಚೀಲ ಕೈಯಿಂದ ಕೈಗೆ ದಾಟುತ್ತ ಊರಿಂದ ಊರಿಗೆ ಹೋಗುತ್ತಿತ್ತು. ಓಲೆ ಬರೆದವನೂ ಓದಿದವನೂ ಚರಿತ್ರೆಯಲ್ಲಿ ಉಳಿಯುತ್ತಾರೆ. ನಡುವೆ ಓಡಿದವನಿಗೆ ಓಲೆ ತಡವಾದ ದಿನ ಮಾತ್ರ ಒಂದು ಮುಖ ಬರುತ್ತದೆ.

ಆ 'ಟಿಕ್' ಸದ್ದಿನ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಸದ್ದು ಕೇಳಿದಾಗ ರಿಲೇ ಸರಿಯಿದೆ ಎಂದೇ ನಾನು ಅರೆಕ್ಷಣ ನಂಬಿದ್ದೆ. ಆಜ್ಞೆ ತಲುಪಿದೆ ಎಂದಷ್ಟೇ ಅದರ ಅರ್ಥ. ಕೆಲಸ ಆಗಿದೆ ಎಂದಲ್ಲ. ಈ ಎರಡರ ವ್ಯತ್ಯಾಸ ಎಷ್ಟು ದೊಡ್ಡದು ಎನ್ನುವುದಕ್ಕೆ ಅಮೆರಿಕದ ಪೆನ್ಸಿಲ್ವೇನಿಯಾದ ಥ್ರೀ ಮೈಲ್ ಐಲೆಂಡ್ ಅಣುಸ್ಥಾವರದ ಅಪಘಾತ ಸಾಕ್ಷಿ. 1979ರ ಮಾರ್ಚ್ 28ರ ಬೆಳಗಿನ ಜಾವ ಅಲ್ಲಿ ಒತ್ತಡ ಇಳಿಸಲು ತೆರೆದುಕೊಂಡ ಒಂದು ಕವಾಟ ಮತ್ತೆ ಮುಚ್ಚಲಿಲ್ಲ. ಅದರಿಂದ ತಣಿಸುವ ನೀರು ಸೋರುತ್ತಲೇ ಹೋಯಿತು. ನಿಯಂತ್ರಣ ಕೊಠಡಿಯ ದೀಪ ಮಾತ್ರ ಕವಾಟ ಮುಚ್ಚಿದೆ ಎಂದು ಭಾವಿಸುವಂತೆ ಮಾಡಿತು. ಏಕೆಂದರೆ ಆ ದೀಪ ಕವಾಟವನ್ನು ನೋಡಿ ಹೇಳುತ್ತಿರಲಿಲ್ಲ, ಮುಚ್ಚು ಎಂಬ ಆಜ್ಞೆ ಹೋಗಿದೆ ಎಂಬುದನ್ನಷ್ಟೇ ಹೇಳುತ್ತಿತ್ತು. ಅಲ್ಲಿದ್ದ ನೌಕರರು ನೀರು ಹೆಚ್ಚಾಗಿದೆ ಎಂದು ತಪ್ಪು ತಿಳಿದು, ತುರ್ತಾಗಿ ಒಳಬರುತ್ತಿದ್ದ ನೀರನ್ನೇ ಕಡಿಮೆ ಮಾಡಿದರು. ಸ್ಥಾವರದ ಒಡಲು ಭಾಗಶಃ ಕರಗಿತು.

ತಪ್ಪು ಆ ನೌಕರರದು ಎಂದು ಬರೆದು ಮುಗಿಸಲು ಅಡ್ಡಿ ಇರಲಿಲ್ಲ. ಗುಂಡಿ ಒತ್ತಿದ ಕೈ ಅವರದೇ. ಅಧ್ಯಕ್ಷ ಕಾರ್ಟರ್ ನೇಮಿಸಿದ ಆಯೋಗಕ್ಕೆ ಜಾನ್ ಕೆಮೆನಿ ಎಂಬ ಗಣಿತಜ್ಞ ಮುಖ್ಯಸ್ಥರಾಗಿದ್ದರು. ಕಂಪ್ಯೂಟರ್ ಕಲಿತ ನಮ್ಮ ತಲೆಮಾರಿನವರಿಗೆ ಬೇಸಿಕ್ ಭಾಷೆಯನ್ನು ರೂಪಿಸಿದ ಇಬ್ಬರಲ್ಲಿ ಒಬ್ಬರಾಗಿ ಅವರ ಹೆಸರು ಗೊತ್ತಿರಬಹುದು. ಅವರ ವರದಿ ನೌಕರರ ತಪ್ಪನ್ನು ಮುಚ್ಚಿಡಲಿಲ್ಲ. ಆದರೆ ಅಲ್ಲಿಗೇ ನಿಲ್ಲಲೂ ಇಲ್ಲ. ಕೊಟ್ಟ ತರಬೇತಿ, ಗೊಂದಲದ ಕೈಪಿಡಿ, ಒಮ್ಮೆಲೇ ನೂರಾರು ಎಚ್ಚರಿಕೆ ಕೂಗುವ ಕೊಠಡಿ, ಮೇಲ್ವಿಚಾರಣೆಯ ಸಂಸ್ಥೆಗಳ ಧೋರಣೆ, ಎಲ್ಲವನ್ನೂ ಎತ್ತಿ ನೋಡಿತು. 1977ರಲ್ಲಿ ಓಹಾಯೋದ ಇನ್ನೊಂದು ಸ್ಥಾವರದಲ್ಲಿ ಅಂಥದೇ ಕವಾಟ ಹಾಗೆಯೇ ತೆರೆದು ನಿಂತಿತ್ತು. ಆ ಪಾಠ ಈ ನೌಕರರಿಗೆ ಯಾರೂ ತಲುಪಿಸಿರಲಿಲ್ಲ. ನಮ್ಮ ಕಾಲೇಜಿನ ಕಡತದಲ್ಲೂ ಒಂದು ದೀಪ ಉರಿಯುತ್ತಿತ್ತು. 'ಅಂಕಪಟ್ಟಿಗಳನ್ನು ಸಕಾಲದಲ್ಲಿ ಸಲ್ಲಿಸುವಂತೆ ಎಲ್ಲ ಅಧ್ಯಾಪಕರಿಗೆ ಸುತ್ತೋಲೆ ಹೊರಡಿಸಲಾಗಿದೆ' ಎಂಬ ಸಾಲು. ಸುತ್ತೋಲೆ ಹೊರಟಿತ್ತು. ನಾನೂ ಅದಕ್ಕೆ ಸಹಿ ಮಾಡಿದ್ದೆ. ನನ್ನ ಅಂಕಪಟ್ಟಿಯೂ ಕೊನೆಯ ದಿನವೇ ಹೋಗಿತ್ತು.

ಇಷ್ಟು ಬರೆದ ಮೇಲೆ ಒಂದು ಆಕ್ಷೇಪ ನನ್ನೊಳಗೇ ಏಳುತ್ತದೆ. ಮನುಷ್ಯ ರಿಲೇ ಅಲ್ಲ. ರಿಲೇಗೆ ಆಯ್ಕೆ ಇಲ್ಲ, ಅದರ ಮೇಲೆ ಹೊರೆ ಬಿದ್ದರೆ ಸುಡುತ್ತದೆ. ಆ ಹುಡುಗ ಎರಡನೆಯ ಸಲ ತಾಳೆ ನೋಡಬಹುದಿತ್ತು. ಇಷ್ಟು ಹೊತ್ತಿನಲ್ಲಿ ಆಗುವುದಿಲ್ಲ ಎಂದು ಎದ್ದು ಹೋಗಬಹುದಿತ್ತು. ಎಲ್ಲ ತಪ್ಪನ್ನೂ ಹೊರೆಯ ಮೇಲೆ, ವ್ಯವಸ್ಥೆಯ ಮೇಲೆ ಹಾಕುತ್ತ ಹೋದರೆ ಕೊನೆಗೆ ತಪ್ಪಿತಸ್ಥರೇ ಇರುವುದಿಲ್ಲ. ಕೆಲಸ ಕಳೆದುಕೊಂಡ ಆ ಹುಡುಗಿಗೆ 'ವ್ಯವಸ್ಥೆಯ ತಪ್ಪಮ್ಮ' ಎಂದು ಹೇಳಿದರೆ ಅದು ಉತ್ತರವೆ? ಭ್ರಷ್ಟನಾದ ಅಧಿಕಾರಿಯೂ ಮೇಲಿನವರ ಒತ್ತಡ ಎಂದೇ ಹೇಳುತ್ತಾನೆ.

ಈ ಆಕ್ಷೇಪವನ್ನು ನಾನು ಸುಲಭವಾಗಿ ತಳ್ಳಿಹಾಕಲಾರೆ. ಆ ಹುಡುಗ ತಪ್ಪು ಮಾಡಿದ್ದು ನಿಜ, ಅವನೇ ಒಪ್ಪಿದ್ದ. ಆದರೆ ಮನುಷ್ಯ ರಿಲೇ ಅಲ್ಲ ಎನ್ನುವ ಮಾತನ್ನು ಪೂರ್ತಿಯಾಗಿ ಹೇಳಬೇಕು. ರಿಲೇ ಬಾಯಿಬಿಟ್ಟು ಹೇಳಲಾರದು, ಅವನು ಹೇಳಿದ್ದ, ಬರೆದು ಕೊಟ್ಟಿದ್ದ. ಎದ್ದು ಹೋಗಬಹುದಿತ್ತು ಎನ್ನುವುದು ಪ್ರತಿ ವರ್ಷ ಗುತ್ತಿಗೆ ನವೀಕರಣಕ್ಕೆ ಕೈಕಟ್ಟಿ ನಿಲ್ಲಬೇಕಾದವನ ವಿಷಯದಲ್ಲಿ ನಿಜವಾದ ಆಯ್ಕೆಯಲ್ಲ. ಆಯ್ಕೆ ಇದ್ದದ್ದು ನನಗೆ. ಆ ಎರಡು ಅರ್ಜಿಗಳನ್ನು ವರದಿಗೆ ಸೇರಿಸಿದ್ದರೆ ನನ್ನ ಕೆಲಸ ಹೋಗುತ್ತಿರಲಿಲ್ಲ, ಬಡ್ತಿಯೂ ನಿಲ್ಲುತ್ತಿರಲಿಲ್ಲ. ಪ್ರಿನ್ಸಿಪಾಲರಿಗೆ ಸ್ವಲ್ಪ ಇರುಸುಮುರುಸಾಗುತ್ತಿತ್ತು, ಅಷ್ಟೆ. ಹೊರೆ ಎಲ್ಲಿಂದ ಬಂತು ಎಂದು ಕೇಳಿದರೆ ಜವಾಬ್ದಾರಿ ಮಾಯವಾಗುವುದಿಲ್ಲ. ಅದು ಮೇಲಕ್ಕೆ ಹತ್ತಿ, ಹೊರಲು ಶಕ್ತಿ ಇದ್ದವರ ಹೆಗಲು ಹುಡುಕುತ್ತದೆ. ಆ ಪ್ರಶ್ನೆಯನ್ನು ನಾವು ಕೇಳದಿರುವುದು ಅದಕ್ಕೇ ಇರಬಹುದು.

ಫ್ಯಾನಿನ ಮೋಟರ್ ಬದಲಾಯಿಸಲು ಮೂರು ಸಾವಿರದ ಚಿಲ್ಲರೆಯಾಯಿತು. ರಿಲೇಗಿಂತ ದುಬಾರಿ. ಈಗ ರೈಲ್ವೆ ಗೇಟಿನಲ್ಲಿ ಎಷ್ಟು ಹೊತ್ತು ನಿಂತರೂ ಮುಳ್ಳು ನಡುವೆಯೇ ಇರುತ್ತದೆ. ಗರ್ ಗರ್ ಸದ್ದೂ ಇಲ್ಲ. ಆ ಸದ್ದು ಸಂಕ್ರಾಂತಿಯಿಂದ ಏಪ್ರಿಲ್‌ವರೆಗೆ ಮೂರು ತಿಂಗಳು ನನಗೂ ಕೇಳುತ್ತಿತ್ತು. ಅಮ್ಮ ಅದನ್ನು ಬಾಯಿಬಿಟ್ಟು ಹೇಳಿದಳು, ನಾನು ರೇಡಿಯೋ ಸದ್ದು ಜೋರು ಮಾಡಿಕೊಂಡು ಓಡಿಸುತ್ತಿದ್ದೆ.

ದಸರೆಯ ರಜೆಯಲ್ಲಿ ಹಳೆಯ ಕಾಲೇಜಿನ ಊರಿಗೆ ಹೋಗಿದ್ದೆ. ಆ ಹುಡುಗ ಈಗ ತಾಲ್ಲೂಕು ಕಚೇರಿಯ ಎದುರು ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆ ಎಂದು ಕೇಳಿದ್ದೆ. ಕೂದಲು ಮುಂದೆ ಸ್ವಲ್ಪ ಸರಿದಿದೆ, ಗುರುತು ಸಿಕ್ಕಿತು. "ಬನ್ನಿ ಸಾರ್, ಕೂತ್ಕೊಳ್ಳಿ" ಎಂದು ಸ್ಟೂಲು ಎಳೆದುಕೊಟ್ಟ. ಪಹಣಿ ನಕಲು ಮಾಡಿಸುವವರ ಸಾಲಿತ್ತು. ಸಾಲು ಕರಗುವವರೆಗೆ ಕೂತಿದ್ದೆ. ಆಮೇಲೆ, ನಿನ್ನ ಎರಡು ಅರ್ಜಿಗಳನ್ನು ನಾನು ಓದಿದ್ದೆ, ವರದಿಯಲ್ಲಿ ಬರೆಯಲಿಲ್ಲ, ಬರೆಯಬೇಕಾಗಿತ್ತು, ತಪ್ಪಾಯಿತು ಎಂದು ಹೇಳಿದೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದ ಬೇರೆ ಮಾತುಗಳು ಬಾಯಿಗೆ ಬರಲಿಲ್ಲ.

ಅವನು ಯಂತ್ರದ ತಟ್ಟೆಗೆ ಹಾಳೆ ತುಂಬುತ್ತಿದ್ದ. ತಲೆ ಎತ್ತದೆ, "ಎರಡಲ್ಲ ಸಾರ್, ಮೂರು. ಮೂರನೇದು ನಿಮ್ಮ ಕೈಗೇ ಕೊಟ್ಟಿದ್ದೆ. ಸ್ಟಾಫ್ ರೂಮಲ್ಲಿ. ಪ್ರಿನ್ಸಿಪಾಲರಿಗೆ ನೀವು ಹೇಳಿದ್ರೆ ಕೇಳ್ತಾರೆ ಅಂತ" ಅಂದ.

ನನಗೆ ನೆನಪಿಲ್ಲ. ಈಗಲೂ ನೆನಪಾಗಿಲ್ಲ. ಅವನು ಸುಳ್ಳು ಹೇಳುತ್ತಿಲ್ಲ ಎಂದು ಮಾತ್ರ ಗೊತ್ತು. ಟೀ ತರಿಸಿದ. ಕುಡಿದೆವು. ಸಿಟ್ಟಿದೆಯೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಹೊರಡುವಾಗ, "ಅಂಗಡಿ ಪರವಾಗಿಲ್ಲ ಸಾರ್, ನಡೀತಿದೆ" ಎಂದು ಅವನೇ ಹೇಳಿದ.

ಊರಿಗೆ ಬಂದು ಕಾಲೇಜಿಗೆ ಒಂದು ಪತ್ರ ಬರೆದೆ. ಆ ವರದಿಯಲ್ಲಿ ನಾನು ಬಿಟ್ಟ ಸಂಗತಿಗಳು ಇಂತಿಂಥವು, ಮೂರನೆಯ ಅರ್ಜಿಯೂ ಸೇರಿದಂತೆ. ಇದನ್ನು ಅದೇ ಕಡತಕ್ಕೆ ಸೇರಿಸಬೇಕು, ಅವನಿಗೆ ಒಂದು ಪ್ರತಿ ಕೊಡಬೇಕು, ಪರೀಕ್ಷಾ ವಿಭಾಗದ ಖಾಲಿ ಹುದ್ದೆಗಳ ಬಗ್ಗೆ ಮೇಲಿನವರಿಗೆ ಬರೆಯಬೇಕು ಎಂದು ಕೇಳಿಕೊಂಡಿದ್ದೇನೆ. ಈಗಿನ ಪ್ರಿನ್ಸಿಪಾಲರು ಫೋನಿನಲ್ಲಿ, "ಮುಗಿದ ಕಥೆ, ಈಗ್ಯಾಕೆ ಸಾರ್?" ಅಂದರು. ಅಲ್ಲಿ ಈಗಲೂ ಒಬ್ಬ ಹೊರಗುತ್ತಿಗೆಯ ಹುಡುಗನೇ ಅಂಕ ತುಂಬುತ್ತಿದ್ದಾನೆ ಎಂದೂ ಅವರಿಂದಲೇ ತಿಳಿಯಿತು.

ಪತ್ರ ಸ್ವೀಕರಿಸಲಾಗಿದೆ ಎಂಬ ಮುದ್ರೆ ಒತ್ತಿದ ಪ್ರತಿ ಕಳೆದ ವಾರ ಅಂಚೆಯಲ್ಲಿ ಬಂತು. ಮುದ್ರೆ ಬಿದ್ದಿದೆ ಎಂದರೆ ಕಾಗದ ತಲುಪಿದೆ ಎಂದಷ್ಟೇ. ಮುಂದಿನ ತಿಂಗಳು ಒಮ್ಮೆ ಹೋಗಿ, ಕಡತ ತೆರೆಸಿ ನೋಡಿ ಬರಬೇಕು.